ಹಾಲಿನ ಪ್ಯಾಕೆಟ್ಟಿಗಿಂತ ಹಗುರವಾದ ಒಂದು ಕುಲ

ಬೆಳಿಗ್ಗೆ ಕಾಫಿಗೆಂದು ಹಾಲಿನ ಪ್ಯಾಕೆಟ್ ಕತ್ತರಿಸುವ ಮುನ್ನ ಅದನ್ನೊಮ್ಮೆ ಅಂಗೈ ಮೇಲಿಟ್ಟು ತೂಗಿ ನೋಡಿ. ಅರ್ಧ ಲೀಟರು, ಐನೂರು ಗ್ರಾಂಗೆ ತುಸು ಮೇಲು. 1968ರಲ್ಲಿ ಈ ಭೂಮಿಯ ಮೇಲಿದ್ದ ಸೀಶೆಲ್ಸ್ ಉಲಿಯಕ್ಕಿಗಳನ್ನೆಲ್ಲ ಹಿಡಿದು ಒಂದೇ ತಕ್ಕಡಿಗೆ ಹಾಕಿದ್ದರೂ ಅವು ಈ ಪ್ಯಾಕೆಟ್ಟಿನಷ್ಟು ತೂಗುತ್ತಿರಲಿಲ್ಲ. ಇದ್ದದ್ದೇ 26 ಹಕ್ಕಿ. ಒಂದೊಂದರ ತೂಕ ಹದಿನೈದು, ಹದಿನಾರು ಗ್ರಾಂ, ಅಂದರೆ ಮೂರು ಚಮಚ ಸಕ್ಕರೆ. ಗಂಡು ಹೆಣ್ಣು ಮುದಿ ಮರಿ ಎಲ್ಲ ಸೇರಿ ನಾನೂರು ಗ್ರಾಂ. ಇಷ್ಟೇ ಇತ್ತು ಒಂದು ಇಡೀ ಕುಲ.

ಸೊನ್ನೆಗಳು ಹೆಚ್ಚಿದಷ್ಟೂ ಬೆರಗು ಹೆಚ್ಚು ಎಂದು ನಂಬಿಕೊಂಡವರಲ್ಲಿ ನಾನೂ ಒಬ್ಬ. ನಕ್ಷತ್ರಗಳ ದೂರ, ಇರುವೆಗಳ ಸಂಖ್ಯೆ, ಮಿದುಳಿನ ನರಕೋಶಗಳ ಲೆಕ್ಕ, ಹೀಗೆ ಕೋಟಿಗಳಿಲ್ಲದೆ ನಮ್ಮ ಬಾಯಿ ತೆರೆಯುವುದಿಲ್ಲ. ಈ ಹಕ್ಕಿಯ ಲೆಕ್ಕಪತ್ರ ಓದತೊಡಗಿದ ಮೇಲೆ ಆ ನಂಬಿಕೆ ಕೆಟ್ಟುಹೋಯಿತು. ಇಲ್ಲಿನ ಅಂಕಿಗಳು ಒಂದೊಂದೂ ಬೊಗಸೆಯಲ್ಲಿ ಹಿಡಿಯುವಷ್ಟು ಚಿಕ್ಕವು. ಎದೆ ನಡುಗಿಸುವುದೂ ಆ ಚಿಕ್ಕತನವೇ.

ಮೊದಲು ಜಾಗ. ಆಫ್ರಿಕಾದ ಪೂರ್ವ ಕರಾವಳಿಯಿಂದ ಸುಮಾರು 1,500 ಕಿಲೋಮೀಟರ್ ಆಚೆ, ಸಮಭಾಜಕ ವೃತ್ತದ ನಾಲ್ಕು ಡಿಗ್ರಿ ಕೆಳಗೆ ಸೀಶೆಲ್ಸ್ ದೇಶ. ನಮ್ಮ ಮಂಗಳೂರಿನಿಂದ ನೈಋತ್ಯಕ್ಕೆ ಗೆರೆ ಎಳೆದರೆ 2,800 ಕಿಲೋಮೀಟರ್ ಆದೀತು. ಅದರ ಹಕ್ಕಿನ ಸಮುದ್ರ ಹದಿಮೂರು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು, ಕರ್ನಾಟಕದ ಏಳು ಪಟ್ಟು. ಆ ನೀರಿನಲ್ಲಿ ಚೆಲ್ಲಿದ 115 ದ್ವೀಪಗಳನ್ನು ಒಟ್ಟುಗೂಡಿಸಿದರೆ ಸಿಗುವ ನೆಲ ಮಾತ್ರ 460 ಚದರ ಕಿಲೋಮೀಟರಿನೊಳಗೆ. ಆ ನೆಲದಲ್ಲೂ 26 ಹಕ್ಕಿಗಳಿಗೆ ಉಳಿದಿದ್ದದ್ದು ಕಸಿನ್ ಎಂಬ ಒಂದೇ ದ್ವೀಪ: 29 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ 72 ಎಕರೆಗೆ ತುಸು ಕಡಿಮೆ. ಎತ್ತರದ ಬಂಡೆಯೂ ಎಪ್ಪತ್ತು ಮೀಟರ್ ಮುಟ್ಟುವುದಿಲ್ಲ. ದೇಶದ ಕಡಲನ್ನು 47 ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಈ ದ್ವೀಪ.

ಪಕ್ಕದಲ್ಲೇ ಇನ್ನೊಂದು ದ್ವೀಪವಿದೆ, ಕೂಸೀನ್. ಫ್ರೆಂಚರು ಇಟ್ಟ ಹೆಸರುಗಳು. ಒಂದು ಪುಲ್ಲಿಂಗ, ಒಂದು ಸ್ತ್ರೀಲಿಂಗ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ಅಣ್ಣ ತಂಗಿಯ ವರಸೆ. ಕಸಿನ್‌ನಿಂದ ಎರಡು ಕಿಲೋಮೀಟರ್ ಆಚೆಗೆ ಪ್ರಾಲೀನ್ ಎಂಬ ದೊಡ್ಡ ದ್ವೀಪ. ಜಗತ್ತಿನ ಅತಿ ಭಾರದ ಬೀಜ ಬಿಡುವ ಕಡಲತೆಂಗು ಸಹಜವಾಗಿ ಬೆಳೆಯುವುದು ಅಲ್ಲಿ. ಸಮುದ್ರದಲ್ಲಿ ತೇಲಿ ನಮ್ಮ ದಡ ಸೇರಿದ ಅದರ ಚಿಪ್ಪು ಇಲ್ಲಿ ಬೈರಾಗಿಗಳ ಕೈಯಲ್ಲಿ ಕಮಂಡಲುವಾಯಿತು. ಚೆನ್ನಾಗಿ ಬಲಿತ ಒಂದು ಬೀಜ 18 ಕಿಲೋ ತೂಗುವುದುಂಟು. ತಕ್ಕಡಿಯ ಇನ್ನೊಂದು ಬದಿಗೆ ಸಾವಿರಕ್ಕೂ ಹೆಚ್ಚು ಉಲಿಯಕ್ಕಿ ಕೂರಿಸಬೇಕು. ಅಷ್ಟು ಹಕ್ಕಿ ಆಗ ಇಡೀ ಪ್ರಪಂಚದಲ್ಲೇ ಇರಲಿಲ್ಲ.

ಕಾಲದ ಅಳತೆಗೋಲನ್ನೂ ಒಮ್ಮೆ ಹಿಡಿದು ನೋಡೋಣ, ಏಕೆಂದರೆ ಇಲ್ಲಿ ನಮ್ಮ ಮನೆಯ ಸಂಬಂಧವೊಂದಿದೆ. ಸೀಶೆಲ್ಸ್‌ನ ಮುಖ್ಯ ದ್ವೀಪಗಳು ಜ್ವಾಲಾಮುಖಿ ಉಗುಳಿದವಲ್ಲ, ಹವಳ ಕಟ್ಟಿದವೂ ಅಲ್ಲ. 75 ಕೋಟಿ ವರ್ಷದ ಗ್ರಾನೈಟ್, ಒಂದು ಖಂಡದ ಚೂರು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ, ಇಂದು ವಿಜಯಪುರ, ಕಲಬುರಗಿಯ ಕಪ್ಪು ಮಣ್ಣಿನ ಕೆಳಗಿರುವ ಲಾವಾ ಹರಿದ ಆಸುಪಾಸಿನ ಕಾಲದಲ್ಲೇ, ಆ ಚೂರು ಭಾರತದಿಂದ ಕಿತ್ತುಕೊಂಡು ಹಿಂದೆ ಉಳಿಯಿತು. ನಾವು ಉತ್ತರಕ್ಕೆ ತೇಲಿ ಬಂದೆವು. ಉಲಿಯಕ್ಕಿ ಆ ಬೇರ್ಪಡೆಯ ಸಾಕ್ಷಿಯಲ್ಲ. ಅದರ ಪೂರ್ವಜರು ಬಹಳ ತಡವಾಗಿ ಗಾಳಿಯ ದಾರಿ ಹಿಡಿದು ಬಂದವರು.

ಅಂಥ ಹಕ್ಕಿ 26ಕ್ಕೆ ಇಳಿದದ್ದು ಹೇಗೆ? ತೆಂಗಿನಿಂದ. ನಮಗೆ ಕಲ್ಪವೃಕ್ಷವಾದದ್ದು ಇದಕ್ಕೆ ಮುಳುವಾಯಿತು. 1770ರಲ್ಲಿ ಫ್ರೆಂಚರು ಈ ದ್ವೀಪಗಳಲ್ಲಿ ನೆಲೆಯೂರಿದರು. ಮುಂದೆ ಕೊಬ್ಬರಿ ವ್ಯಾಪಾರ ಕುದುರಿತು, ದ್ವೀಪ ದ್ವೀಪಗಳ ಕಾಡು ಕಡಿದು ಸಾಲುತೆಂಗು ನೆಟ್ಟರು. ಹಡಗುಗಳ ಜೊತೆ ಇಲಿ, ಬೆಕ್ಕು ಇಳಿದವು. ಎಮಿಲ್ ಊಸ್ತಲೆ ಎಂಬ ಫ್ರೆಂಚ್ ಪಕ್ಷಿತಜ್ಞ 1877ರಲ್ಲಿ ಈ ಹಕ್ಕಿಯನ್ನು ವಿಜ್ಞಾನಕ್ಕೆ ಪರಿಚಯಿಸಿದಾಗ ಅದು ಬೇರೆ ದ್ವೀಪಗಳಲ್ಲೂ ಹಾಡುತ್ತಿತ್ತು. ನಾಲ್ಕೈದು ದಶಕ ಕಳೆಯುವುದರೊಳಗೆ ಕಸಿನ್ ಬಿಟ್ಟು ಎಲ್ಲೂ ಇಲ್ಲವಾಯಿತು. ಹಳೆಯ ಮ್ಯೂಸಿಯಂಗಳಲ್ಲಿ ಹುಲ್ಲು ತುಂಬಿಟ್ಟ ಹಕ್ಕಿಗಳ ಡಿಎನ್ಎ ತೆಗೆದು ನೋಡಿದವರು, ತಳಿಯ ಲೆಕ್ಕದಲ್ಲಿ ಸಾವಿರಗಳಲ್ಲಿದ್ದ ಸಂಖ್ಯೆ 50ರ ಕೆಳಗೆ ಕುಸಿದಿತ್ತು ಎಂದು ಕಂಡುಕೊಂಡಿದ್ದಾರೆ.

ಕಸಿನ್‌ನಲ್ಲೂ ತೆಂಗೇ ತುಂಬಿತ್ತು. ಆದರೆ ಇಲಿಗಳು ಅಲ್ಲಿ ನೆಲೆಸಿರಲಿಲ್ಲ. ಒಂದು ತುಂಡು ಕಾಂಡ್ಲಾ ಕಾಡು ಉಳಿದುಕೊಂಡಿತ್ತು. 1959ರಲ್ಲಿ ಎಣಿಸಿದವರಿಗೆ ಸಿಕ್ಕಿದ್ದು 30ಕ್ಕಿಂತ ಕಡಿಮೆ ಹಕ್ಕಿ, ಅದೂ ಆ ತುಂಡಿನ ಆಸರೆಯಲ್ಲಿ. ಒಂದು ಚಂಡಮಾರುತ, ಒಂದು ದೋಣಿಯ ಇಲಿ, ಯಾರೋ ಎಸೆದ ಒಂದು ಬೀಡಿ ಸಾಕಿತ್ತು.

1968ರಲ್ಲಿ ಅಂತಾರಾಷ್ಟ್ರೀಯ ಪಕ್ಷಿ ಸಂರಕ್ಷಣಾ ಮಂಡಳಿ, ಅಂದರೆ ಇಂದಿನ ಬರ್ಡ್‌ಲೈಫ್ ಇಂಟರ್‌ನ್ಯಾಷನಲ್, ಇಡೀ ದ್ವೀಪವನ್ನೇ ಕೊಂಡುಕೊಂಡಿತು. ಮೂರು ಚಮಚ ಸಕ್ಕರೆಯಷ್ಟು ತೂಗುವ ಒಂದು ಹಕ್ಕಿಗಾಗಿ ತೋಟದ ಖರೀದಿ! ಕೊಂಡ ಮೇಲೆ ಮಾಡಿದ ಕೆಲಸ ಇನ್ನೂ ಸರಳ. ಪಂಜರ ಕಟ್ಟಲಿಲ್ಲ, ಮೊಟ್ಟೆಗೆ ಕಾವು ಕೊಡುವ ಯಂತ್ರ ತರಲಿಲ್ಲ, ಕಾಳು ಹಾಕಲಿಲ್ಲ. ಬಿದ್ದ ತೆಂಗಿನಕಾಯಿ ಮೊಳೆಯದಂತೆ ನೋಡಿಕೊಂಡರು, ಸಸಿ ಕಿತ್ತರು. ಕಾಡು ತಾನೇ ವಾಪಸು ಬಂತು: ಅಗಲ ಎಲೆಯ ಪಿಸೋನಿಯಾ, ಅತ್ತಿಯ ಬಂಧುಗಳು, ನಮ್ಮಲ್ಲಿ ಬಾಟಲಿಯಲ್ಲಿ ರಸ ಮಾರುವ ನೋನಿ.

ಕಾಡಿಗೂ ಹಕ್ಕಿಗೂ ಇರುವ ನಂಟು ಎಲೆಯದು. ಈ ಹಕ್ಕಿ ಕಾಳು ಮುಟ್ಟುವುದಿಲ್ಲ, ಹುಳುವೇ ಊಟ. ಅದರಲ್ಲಿ ಶೇಕಡ 98ರಷ್ಟನ್ನು ಎಲೆಗಳಿಂದಲೇ ಹೆಕ್ಕುತ್ತದೆ, ಬಹುಪಾಲು ಎಲೆಯ ಅಡಿಯಿಂದ. ತೆಂಗಿನ ಗರಿಯ ಅಡಿಯಲ್ಲಿ ಅದಕ್ಕೇನು ಸಿಕ್ಕೀತು?

26 ಎಂಬುದು 1982ರ ಹೊತ್ತಿಗೆ 320 ಆಯಿತು. ಸರಾಸರಿ ನಾಲ್ಕು ವರ್ಷಕ್ಕೊಮ್ಮೆ ದುಪ್ಪಟ್ಟು. ಕೋಳಿಯಂಥ ಹಕ್ಕಿಯಾಗಿದ್ದರೆ ಇದರಲ್ಲೇನು ಹೆಚ್ಚುಗಾರಿಕೆ ಎನ್ನಬಹುದಿತ್ತು. ಉಲಿಯಕ್ಕಿ ಸಾಮಾನ್ಯವಾಗಿ ಇಡುವುದು ಒಂದೇ ಒಂದು ಮೊಟ್ಟೆ. ಗೂಡು ಬಿಟ್ಟ ಮರಿಗೂ ಮೂರು ತಿಂಗಳವರೆಗೆ ತಾಯಿತಂದೆಯೇ ತುತ್ತು ಕೊಡಬೇಕು. ಇಷ್ಟು ಚಿಕ್ಕ ಹಾಡುಹಕ್ಕಿಗೆ ಇದು ಅತಿ ದೀರ್ಘ ಬಾಲ್ಯ.

320ಕ್ಕೆ ಬಂದು ಏರಿಕೆ ನಿಂತಿತು. ದ್ವೀಪ ತುಂಬಿತ್ತು. ಸುಮಾರು 115 ಗಡಿಗಳು, ಅಂದರೆ ಹಕ್ಕಿಗಳು ತಮ್ಮದೆಂದು ಕಾಯುವ ನೆಲದ ತುಂಡುಗಳು, ಒಂದೊಂದು ಜೋಡಿಗೆ ಒಂದೊಂದು. ಭಾಗಿಸಿದರೆ ತಲಾ 25 ಗುಂಟೆ! ತುಂಡು ಹಿಡುವಳಿ, ಬದುವಿನ ಜಗಳ, ಬೆಳೆದ ಮಕ್ಕಳು ಮನೆಯಲ್ಲೇ ಉಳಿಯುವುದು, ಎಲ್ಲವೂ ನಮ್ಮ ಹಳ್ಳಿಯದೇ ಕಥೆ. ಇದೇ ದ್ವೀಪದಲ್ಲಿ ಏಳು ಬಗೆಯ ಕಡಲಹಕ್ಕಿಗಳು ಮೂರು ಲಕ್ಷಕ್ಕೂ ಮಿಕ್ಕಿ ಬಂದು ಗೂಡು ಮಾಡುತ್ತವೆ. 29 ಹೆಕ್ಟೇರ್ ಎಂದರೆ 2 ಲಕ್ಷ 90 ಸಾವಿರ ಚದರ ಮೀಟರ್. ಅಂದರೆ ಮೀಟರಿಗೊಂದಕ್ಕಿಂತ ಹೆಚ್ಚು ಹಕ್ಕಿ. ಅವುಗಳಿಗೆ ಊಟ ಸಮುದ್ರದಲ್ಲಿ, ಕಸಿನ್ ಬರೀ ಬಾಣಂತಿಕೋಣೆ. ಉಲಿಯಕ್ಕಿಗೆ ಊಟವೂ ಇಲ್ಲೇ, ಸಾವೂ ಇಲ್ಲೇ.

ಡಚ್ ಜೀವವಿಜ್ಞಾನಿ ಯಾನ್ ಕೊಮ್ಡೂರ್ ಈ ತುಂಬಿದ ಮನೆಗೆ ಬಂದದ್ದು 1980ರ ದಶಕದಲ್ಲಿ. ಅವರ ಕೆಲಸವನ್ನು ಕಣ್ಣಿಗೆ ತಂದುಕೊಂಡರೆ ನಗುವೂ ಬರುತ್ತದೆ, ಗೌರವವೂ ಹುಟ್ಟುತ್ತದೆ. ಬೆವರುವ ಕಾಡಿನಲ್ಲಿ ಒಬ್ಬ ಮನುಷ್ಯ ಮರದ ಮುಂದೆ ನಿಂತಿದ್ದಾನೆ. ಒಂದು ಎಲೆಯನ್ನು ಮೆಲ್ಲಗೆ ಮಗುಚುತ್ತಾನೆ, ಅಡಿಯಲ್ಲಿರುವ ಹುಳು ಎಣಿಸುತ್ತಾನೆ, ಬರೆದುಕೊಳ್ಳುತ್ತಾನೆ. ಇನ್ನೊಂದು ಎಲೆ. ಒಂದು ಮರದಲ್ಲಿ ಐವತ್ತು ಎಲೆ ಆದ ಮೇಲೆ ಮುಂದಿನ ಜಾತಿಯ ಮರ, ಆಮೇಲೆ ಪಕ್ಕದ ಗಡಿ. ಮುಂದಿನ ತಿಂಗಳು ಮತ್ತೆ ಮೊದಲಿನಿಂದ. ಕಂದಾಯ ಇಲಾಖೆಯವರು ತರಿ, ಖುಷ್ಕಿ ಎಂದು ನೆಲಕ್ಕೆ ದರ್ಜೆ ಕಟ್ಟಿದಂತೆ ಆತ ಹಕ್ಕಿಗಳ ಹಿಡುವಳಿಗೆ ದರ್ಜೆ ಕಟ್ಟಿದರು. ನಡುನಾಡಿನ ಗಡಿಗಳು ಹುಳುಸಮೃದ್ಧ. ದಡದವು ಬಡವು, ಅಲ್ಲಿ ಉಪ್ಪುಗಾಳಿ ಎಲೆ ಸುಟ್ಟುಹಾಕುತ್ತದೆ.

ಈ ದರ್ಜೆಪಟ್ಟಿಯನ್ನು ಮುಂದಿಟ್ಟುಕೊಂಡು ಮರಿಗಳನ್ನು ನೋಡಿದಾಗ ಬಂದ ಅಂಕಿಗಳು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಹಿನ್ನೆಲೆ ಇಷ್ಟು. ಖಾಲಿ ಜಾಗ ಸಿಗದ ಮರಿಗಳು ಮನೆಯಲ್ಲೇ ನಿಂತು ತಾಯಿಗೆ ನೆರವಾಗುತ್ತವೆ: ಗೂಡು ಕಟ್ಟಲು, ಕಾವು ಕೊಡಲು, ತಮ್ಮ ತಂಗಿಯರಿಗೆ ಹುಳು ತರಲು. ನಿಲ್ಲುವವರು ಹೆಚ್ಚಾಗಿ ಹೆಣ್ಣುಮಕ್ಕಳು; ಗಂಡುಗಳು ಮನೆ ಬಿಡುತ್ತವೆ. ಹುಳು ಹೇರಳವಾಗಿರುವ ಕಡೆ ಈ ನೆರವು ಲಾಭ. ಹುಳು ಕಡಿಮೆ ಇರುವ ಕಡೆ ಮನೆಯಲ್ಲೇ ಉಳಿದ ಮಗಳು ತಿನ್ನುವ ಇನ್ನೊಂದು ಬಾಯಿ, ನಷ್ಟ. ಹಾಗಾದರೆ ತಾಯಿಗೆ ಎಲ್ಲಿ ಮಗಳು ಬೇಕು, ಎಲ್ಲಿ ಮಗ?

1997ರಲ್ಲಿ ಕೊಮ್ಡೂರ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿದರು. ಬಡ ಗಡಿಗಳಲ್ಲಿ ಹುಟ್ಟಿದ ಮರಿಗಳಲ್ಲಿ ಶೇಕಡ 77 ಗಂಡು. ನೆರವಿನವರಿಲ್ಲದ ಸಮೃದ್ಧ ಗಡಿಗಳಲ್ಲಿ ಗಂಡು ಶೇಕಡ 13 ಮಾತ್ರ, ಮಿಕ್ಕಿದ್ದೆಲ್ಲ ಹೆಣ್ಣು. ನಾಣ್ಯ ಚಿಮ್ಮಿದರೆ ಐವತ್ತಕ್ಕೈವತ್ತು ಬೀಳಬೇಕಾದ ಕಡೆ ಇಷ್ಟು ವಾಲಿಕೆ. ಕಾಕತಾಳೀಯವಿದ್ದರೂ ಇರಬಹುದು ಎನ್ನುವವರಿಗೆ ಇನ್ನೊಂದು ಪರೀಕ್ಷೆ: ಬಡ ಗಡಿಯ ಜೋಡಿಗಳನ್ನು ಹಿಡಿದು ಸಮೃದ್ಧ ಜಾಗಕ್ಕೆ ಸಾಗಿಸಿದರು. ಶೇಕಡ 90ರಷ್ಟು ಗಂಡುಗಳನ್ನೇ ಪಡೆಯುತ್ತಿದ್ದ ಅವೇ ಜೋಡಿಗಳು ಈಗ ಶೇಕಡ 85ರಷ್ಟು ಹೆಣ್ಣು ಪಡೆದವು. ಅದೇ ತಾಯಿ, ಅದೇ ತಂದೆ, ಬದಲಾದದ್ದು ಎಲೆಯ ಅಡಿಯ ಹುಳು.

ಹಕ್ಕಿಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದು ತಾಯಿಯ ಅಂಡದಲ್ಲಿ ತೀರ್ಮಾನವಾಗುತ್ತದೆ, ತಂದೆಯ ಕಡೆಯಿಂದಲ್ಲ. ಹಾಗಾಗಿ ಇದು ತಾಯಿಯ ಕೈಯಲ್ಲಿರುವ ಲೆಕ್ಕ. ಹದಿನೈದು ಗ್ರಾಂ ದೇಹದೊಳಗೆ ಎಲ್ಲೋ ಹಿಡುವಳಿಯ ಅಳತೆ, ಹುಳುವಿನ ಎಣಿಕೆ, ಮನೆಯಲ್ಲಿರುವ ಕೈಗಳ ಎಣಿಕೆ ನಡೆಯುತ್ತಿದೆ. ಕೈಗಳ ಎಣಿಕೆ ಎಂದು ಸುಮ್ಮನೆ ಹೇಳಲಿಲ್ಲ: ಸಮೃದ್ಧ ಗಡಿಯಲ್ಲೂ ಆಗಲೇ ಇಬ್ಬರು ನೆರವಿಗಿದ್ದರೆ ತಾಯಿ ಗಂಡುಮರಿಗಳ ಕಡೆ ತಿರುಗುತ್ತದೆ, ಅವರಲ್ಲೊಬ್ಬರನ್ನು ತೆಗೆದರೆ ಮತ್ತೆ ಹೆಣ್ಣಿನ ಕಡೆ. ನಮ್ಮ ದೇಶದಲ್ಲಿ ಹೆಣ್ಣೋ ಗಂಡೋ ಎಂದು ಮೊದಲೇ ತಿಳಿಯುವುದು ಕಾನೂನಿಗೆ ವಿರುದ್ಧ, ತಿಳಿದುಕೊಂಡವರು ಮಾಡಿದ ಲೆಕ್ಕ ನಮಗೆಲ್ಲ ಗೊತ್ತು. ಇಲ್ಲಿ, ಅನುಕೂಲವಂತರ ಮನೆಯಲ್ಲಿ ಹೆಣ್ಣೇ ಬೇಕು.

ಕುಟುಂಬದ ಚಿತ್ರ ತೀರಾ ಆದರ್ಶವಾಗಿ ಕಂಡೀತೆಂದು ಒಂದು ಅಂಕಿ ಸೇರಿಸಿಬಿಡುತ್ತೇನೆ. ರಕ್ತಪರೀಕ್ಷೆಯ ಪ್ರಕಾರ ಹತ್ತು ಮರಿಗಳಲ್ಲಿ ನಾಲ್ಕರ ತಂದೆ ಪಕ್ಕದ ಗಡಿಗಳ ಗಂಡು.

ಇಷ್ಟು ಇಕ್ಕಟ್ಟಿದ್ದರೂ ಇವು ಆಚೆ ಹೋಗುವುದಿಲ್ಲ, ಅದೇ ನನಗೆ ಬಿಡಿಸಲಾಗದ ಒಗಟು. ಕೂಸೀನ್ ಕಣ್ಣಳತೆಯಲ್ಲೇ ಇದೆ, ಎರಡು ಕಿಲೋಮೀಟರಿನೊಳಗೆ. ರೆಕ್ಕೆ ಬಡಿದರೆ ಕೆಲವೇ ನಿಮಿಷ. ಬಣ್ಣದ ಬಳೆ ತೊಡಿಸಿದ ಹಕ್ಕಿಗಳಲ್ಲಿ ದ್ವೀಪ ದಾಟಿದ್ದು ಸಾವಿರಕ್ಕೊಂದರಂತೆ. ಹಾರಲಾರವು ಎಂದಲ್ಲ, ಹೋಗಲೊಲ್ಲವು ಎಂಬುದು ಬಲ್ಲವರ ತೀರ್ಮಾನ. ಪ್ರತಿ ಸೆಪ್ಟೆಂಬರಿನಲ್ಲಿ ನಮ್ಮ ಹಿತ್ತಿಲಿನ ಲಂಟಾನಾ ಪೊದೆಗೆ ಒಂದು ಜೊಂಡು ಉಲಿಯಕ್ಕಿ ಬರುತ್ತದೆ. ಕಾಣಿಸುವುದು ಅಪರೂಪ; ಒಳಗಿನಿಂದ ‘ಚಕ್... ಚಕ್’ ಎಂದು ನಾಲಿಗೆ ಲೊಚಗುಟ್ಟಿದಂತೆ ದನಿ. ಸೀಶೆಲ್ಸ್ ಹಕ್ಕಿಗಿಂತ ಎರಡು ಮೂರು ಗ್ರಾಂ ಹಗುರ, ಅದೇ ಮನೆತನ, ಹೆಚ್ಚುಕಡಿಮೆ ಅದೇ ಮಂಕು ಕಂದು ಬಟ್ಟೆ. ಸೈಬೀರಿಯಾ, ಮಧ್ಯ ಏಷ್ಯಾ ಕಡೆಯಿಂದ ಸಾವಿರಾರು ಕಿಲೋಮೀಟರ್ ಹಾರಿ ಬರುತ್ತದೆ, ಏಪ್ರಿಲ್‌ನಲ್ಲಿ ಅಷ್ಟೇ ದೂರ ವಾಪಸು. ಅದರ ದಾಯಾದಿಗೆ ಎದುರುಮನೆಗೆ ಹೋಗಲೂ ಮನಸ್ಸಿಲ್ಲ.

ಹೀಗಾಗಿ ಮನುಷ್ಯರೇ ಹೊತ್ತೊಯ್ಯಬೇಕಾಯಿತು. 1988ರಲ್ಲಿ 29 ಹಕ್ಕಿಗಳನ್ನು ಹಿಡಿದು ಆರೀಡ್ ದ್ವೀಪಕ್ಕೆ. 1990ರಲ್ಲಿ 29 ಹಕ್ಕಿ ಕೂಸೀನ್‌ಗೆ. (29 ಹೆಕ್ಟೇರ್, 29 ಹಕ್ಕಿ, ಮತ್ತೆ 29 ಹಕ್ಕಿ; ಅಂಕಿಗಳಿಗೂ ಒಂದೊಂದು ಸಲ ಚಪಲ.) 2004ರಲ್ಲಿ 58 ಡೆನಿಸ್‌ಗೆ, 2011ರಲ್ಲಿ 59 ಫ್ರಿಗೇಟ್‌ಗೆ. ನಾಲ್ಕೂ ಸೇರಿಸಿದರೆ 175 ಹಕ್ಕಿ, ಎರಡೂಮುಕ್ಕಾಲು ಕಿಲೋಗೂ ಕಡಿಮೆ ಸಾಮಾನು. ಬೇರೆ ಯಾವ ವಲಸೆಗೂ ಇಷ್ಟು ಕಡಿಮೆ ಲಗೇಜು ಇದ್ದಿರಲಾರದು.

ಕಸಿನ್‌ನಲ್ಲಿ ಖಾಲಿಯಾದ ಗಡಿಗಳಿಗೆ ಏನಾಯಿತು? ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಡೆಯನನ್ನು ಹಿಡಿದೊಯ್ದ ಕೆಲವೇ ಗಂಟೆಗಳಲ್ಲಿ ಅಲ್ಲಿ ಹೊಸಬ ಕೂತು ಹಾಡುತ್ತಿದ್ದ. ವರ್ಷಗಟ್ಟಲೆ ತಾಯಿಯ ಮನೆಯಲ್ಲಿ ಕಾದಿದ್ದ ನೆರವಿನ ಹಕ್ಕಿಗಳು ಅವು. ಅದರಲ್ಲೂ ಒಂದು ಲೆಕ್ಕಾಚಾರ: ಸಮೃದ್ಧ ಗಡಿಯಲ್ಲಿ ಬೆಳೆದವು ಬಡ ಗಡಿ ಖಾಲಿಯಾದರೆ ಅತ್ತ ತಿರುಗಿಯೂ ನೋಡಲಿಲ್ಲ. ಒಳ್ಳೆಯದು ಸಿಗುವವರೆಗೆ ಕಾಯುವುದೇ ಲೇಸು.

ಆರೀಡ್‌ನಲ್ಲಿ ನಡೆದದ್ದು ಬೇರೆಯೇ. ಎಪ್ಪತ್ತು ಹೆಕ್ಟೇರಿನಷ್ಟು ಕಾಡು, ತಿಂದು ಮುಗಿಯದ ಹುಳು, ಪೈಪೋಟಿಗೆ ಯಾರೂ ಇಲ್ಲ. ಒಂದು ಮೊಟ್ಟೆಯ ಹಕ್ಕಿ ಎರಡು, ಮೂರು ಇಡತೊಡಗಿತು. ಕಸಿನ್‌ನಲ್ಲಿ ವರ್ಷಗಟ್ಟಲೆ ಕಾಯುತ್ತಿದ್ದ ಎಳೆಯರು ಇಲ್ಲಿ ವರ್ಷ ತುಂಬುವ ಮೊದಲೇ ಸಂಸಾರ ಹೂಡಿದರು. ಮನೆಯಲ್ಲಿ ನಿಂತು ನೆರವಾಗುವವರೇ ಇಲ್ಲವಾದರು. ಒಳ್ಳೆಯ ಜಾಗಗಳೆಲ್ಲ ಭರ್ತಿಯಾದ ಮೇಲೆ ಮತ್ತೆ ಒಬ್ಬೊಬ್ಬ ಮಗಳು ತಾಯಿಯ ಬಳಿ ನಿಲ್ಲತೊಡಗಿದಳು. ಕೂಡುಕುಟುಂಬ ಒಡೆದದ್ದು, ಮತ್ತೆ ಕೂಡಿದ್ದು ಎರಡೂ ನಾಲ್ಕೈದು ವರ್ಷದಲ್ಲಿ ನಡೆದುಹೋಯಿತು. 2000ದ ದಶಕದ ಆರಂಭಕ್ಕೆ ಆ 29ರ ಸಂತತಿ ಸಾವಿರದ ಎಂಟುನೂರರ ಆಸುಪಾಸಿಗೆ ಮುಟ್ಟಿತ್ತು.

ಇಂದು ಐದು ದ್ವೀಪಗಳಲ್ಲಿ ಒಟ್ಟು ಮೂರು ಸಾವಿರದ ಸುತ್ತಮುತ್ತ. ನಲವತ್ತೈದು ಕಿಲೋ ಉಲಿಯಕ್ಕಿ. ಒಂದು ಮೂಟೆ ಅಕ್ಕಿಯಷ್ಟೂ ಇಲ್ಲ. ಆದರೂ ಅಳಿವಿನಂಚಿನ ಪಟ್ಟಿಯಲ್ಲಿ ಅದರ ಜಾಗ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು ಈಗ ‘ಅಪಾಯಕ್ಕೆ ಸಮೀಪ’ ಎಂಬಲ್ಲಿದೆ. ಇದೇ ದ್ವೀಪಗಳಲ್ಲಿ ನಮ್ಮ ಮಡಿವಾಳ ಹಕ್ಕಿಯ ಹತ್ತಿರದ ಬಂಧುವೊಂದಿದೆ, ರೆಕ್ಕೆಯ ಮೇಲೆ ಅದೇ ಬಿಳಿ ಪಟ್ಟಿ. ಅದೂ 1960ರ ದಶಕದಲ್ಲಿ ಇಪ್ಪತ್ತರೊಳಗೆ ಇಳಿದು, ಹೀಗೆಯೇ ದ್ವೀಪದಿಂದ ದ್ವೀಪಕ್ಕೆ ಹೊರಿಸಿಕೊಂಡು ಚೇತರಿಸಿಕೊಂಡಿತು.

ಕಸಿನ್‌ನಲ್ಲಿ ಮಾತ್ರ ಸಂಖ್ಯೆ ಇನ್ನೂ 320ರ ಅಕ್ಕಪಕ್ಕದಲ್ಲೇ ತೂಗಾಡುತ್ತಿದೆ. 1997ರಿಂದ ಈಚೆಗೆ ಅಲ್ಲಿನ ಹೆಚ್ಚುಕಡಿಮೆ ಪ್ರತಿ ಹಕ್ಕಿಯ ಕಾಲಿನಲ್ಲೂ ಮೂರು ಬಣ್ಣದ ಬಳೆ, ಒಂದು ಲೋಹದ ಬಳೆ. ಗ್ರೋನಿಂಗನ್, ಈಸ್ಟ್ ಆಂಗ್ಲಿಯಾ, ಶೆಫೀಲ್ಡ್ ವಿಶ್ವವಿದ್ಯಾಲಯಗಳವರು ಪಾಳಿಯಲ್ಲಿ ಬಂದು ಪ್ರತಿ ಋತುವಿನಲ್ಲೂ ಹಾಜರಿ ತೆಗೆದುಕೊಳ್ಳುತ್ತಾರೆ. ಬೈನಾಕ್ಯುಲರ್ ಎತ್ತಿ ಮೊದಲು ನೋಡುವುದು ಕಾಲು, ಆಮೇಲೆ ಕಣ್ಣು. ಎಳೆಯ ಹಕ್ಕಿಯ ಕಣ್ಣು ಬೂದು, ವಯಸ್ಸಾದಂತೆ ಕೆಂಗಂದು. ಹಾರಲು ಕಲಿತ ಮರಿ ಸರಾಸರಿ ಐದೂವರೆ ವರ್ಷ ಬದುಕುತ್ತದೆ, ಹದಿನೇಳು ಮುಟ್ಟಿದವೂ ಉಂಟು. ಕಾಡಿನ ಬೇರೆ ಯಾವ ಹಕ್ಕಿಯ ಬಗ್ಗೆಯೂ ಇಷ್ಟು ಖಚಿತವಾಗಿ ಹೇಳುವುದು ಕಷ್ಟ. ಕಾಣದಾದ ಹಕ್ಕಿ ಸತ್ತಿತೋ, ಬೇರೆಲ್ಲಿಗೋ ಹೋಯಿತೋ ಯಾರು ಬಲ್ಲರು? ಇಲ್ಲಿ ಆ ಅನುಮಾನವಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಬಣ್ಣಗುರುತಿನ ಎದುರು ಖಾಲಿ ಉಳಿದರೆ ಹುಡುಕುವವರು ಸಮುದ್ರದ ಕಡೆ ನೋಡುವುದಿಲ್ಲ. ನೇರ ಅದರ 25 ಗುಂಟೆಗೆ ಹೋಗುತ್ತಾರೆ. ಪಿಸೋನಿಯಾದ ರೆಂಬೆಯ ಮೇಲೆ ಅಷ್ಟರಲ್ಲಾಗಲೇ ಬೇರೆ ಬಣ್ಣದ ಬಳೆ ತೊಟ್ಟವನೊಬ್ಬ, ಮನುಷ್ಯರು ಸಿಳ್ಳೆ ಹಾಕಿದಂಥ ಅದೇ ತಗ್ಗುದನಿಯಲ್ಲಿ ಹಾಡುತ್ತಿರುತ್ತಾನೆ.